ಕೋಳಿ ಎದ್ದ ಮೇಲೆ ಕೊಟ್ಟ ಫಿಯಟ್

ಅಕ್ಟೋಬರ್ ಮೊದಲ ವಾರ ಪೋಸ್ಟಿನಲ್ಲಿ ಒಂದು ಕವರ್ ಬಂತು. ಒಳಗೆ ಆರ್‌ಸಿ ಸ್ಮಾರ್ಟ್ ಕಾರ್ಡ್. 1987ರ ಪ್ರೀಮಿಯರ್ ಪದ್ಮಿನಿ, ಮಾಲೀಕರ ಜಾಗದಲ್ಲಿ ನನ್ನ ಹೆಸರು. ಕಾರನ್ನು ಮೊದಲ ಸಲ ನೋಡಿದ್ದು 2024ರ ಡಿಸೆಂಬರಿನಲ್ಲಿ. ಕಾರ್ಡು ಕೈಗೆ ಸಿಕ್ಕಿದ್ದು 2025ರ ಅಕ್ಟೋಬರಿನಲ್ಲಿ. ನಡುವೆ ಹತ್ತು ತಿಂಗಳು, ಎರಡೂವರೆ ಲಕ್ಷ ರೂಪಾಯಿ, ಒಂದು ಮಳೆಗಾಲ. ಮನೆಯವಳಿಗೆ ಹೇಳಿರುವ ಲೆಕ್ಕ ಒಂದೂವರೆ ಲಕ್ಷ. ಅವಳು ಇದನ್ನು ಓದಲ್ಲ ಅಂತ ನಂಬಿದ್ದೇನೆ.

ನಾನು ಶಿವಮೊಗ್ಗದಲ್ಲಿ ಪಿಯು ಕಾಲೇಜಿನ ಮೇಷ್ಟ್ರು. ಕಾರಿನ ಬಗ್ಗೆ ನನಗೆ ಗೊತ್ತಿದ್ದದ್ದು ಪೆಟ್ರೋಲ್ ಎಲ್ಲಿ ಹಾಕಿಸಬೇಕು ಅನ್ನೋದು ಮಾತ್ರ. ನನ್ನ ಹಾಗೆ ಏನೂ ಗೊತ್ತಿಲ್ಲದೆ ಹಳೇ ಕಾರಿನ ಆಸೆಗೆ ಬೀಳುವವರು ಇದ್ದೇ ಇರುತ್ತಾರೆ. ಅವರಿಗೋಸ್ಕರ ಇದು.

ಶುರುವಾದದ್ದು ಹೀಗೆ. ಸಹೋದ್ಯೋಗಿ ಒಬ್ಬರ ಜೊತೆ ಹೊಸನಗರದ ಕಡೆ ಅವರ ನೆಂಟರ ಮನೆಗೆ ಹೋಗಿದ್ದೆ. ಅಡಿಕೆ ಕೊಯ್ಲಿನ ಕಾಲ. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿದ್ದರು. ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ಗೋಣಿಚೀಲದ ರಾಶಿ. ಅದರ ಕೆಳಗೆ ಎರಡು ದುಂಡು ಹೆಡ್‌ಲೈಟು ನನ್ನನ್ನೇ ನೋಡುತ್ತಿದ್ದವು.

"ಅದೆಂತ ಯಜಮಾನ್ರೆ, ಫಿಯಟ್ಟಾ?" ಅಂದೆ.

"ಹೌದು. ಆರು ವರ್ಷದಿಂದ ಅಲ್ಲೇ ಉಂಟು. ಬೇಕಾದ್ರೆ ತಗಂಡು ಹೋಗಿ ಮಾರಾಯ್ರೆ" ಅಂದರು. ತಮಾಷೆಗೆ ಅಂದಿದ್ದು. ನಾನು ನಿಜ ಮಾಡಿಬಿಟ್ಟೆ.

ನಮ್ಮ ಕಡೆ ಇದನ್ನು ಪದ್ಮಿನಿ ಅಂತ ಯಾರೂ ಕರೆಯಲ್ಲ. ಎಲ್ಲರ ಬಾಯಲ್ಲೂ ಫಿಯಟ್ಟೇ. ಅದು ತಪ್ಪೂ ಅಲ್ಲ. ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಅನ್ನೋ ಹೆಸರಿನಲ್ಲಿ ಬರುತ್ತಿದ್ದ ಕಾರೇ 1974ರ ಹೊತ್ತಿಗೆ ಪದ್ಮಿನಿ ಆಯಿತು. 1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರಿನ ಕಡ್ಡಿ, ಮುಂದೆ ಬೆಂಚಿನ ಹಾಗೆ ಉದ್ದ ಸೀಟು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಪವರ್ ಸ್ಟೇರಿಂಗ್, ಎಸಿ ಯಾವುದೂ ಇಲ್ಲ.

ಯಜಮಾನರು 90,000 ಅಂದರು. 72,000ಕ್ಕೆ ಇಳಿದರು. ನಾಳೆಯೇ ಲಾರಿ ತರುತ್ತೇನೆ ಅಂತ ಹೊರಟೆ. ಆಗ ಆ ಮನೆಯ ಅಮ್ಮ ಒಳಗಿಂದ ಬಂದರು. "ನಾಳೆ ಆಗಲ್ಲ. ಹಿಂದಿನ ಸೀಟಲ್ಲಿ ಕೋಳಿ ಕಾವಿಗೆ ಕೂತಿದೆ" ಅಂದರು.

ಬಗ್ಗಿ ನೋಡಿದೆ. ಕಿಟಕಿ ಗಾಜು ಅರ್ಧ ಇಳಿದಿತ್ತು. ಸೀಟಿನ ರೆಕ್ಸಿನ್ ಹರಿದು ತೆಂಗಿನ ನಾರು ಹೊರಗೆ ಬಂದಿತ್ತು. ಆ ನಾರಿನ ಗುಳಿಯಲ್ಲಿ ಕೆಂಪು ಹೇಂಟೆ ಒಂದು ಕದಲದೆ ಕೂತಿತ್ತು. ಅದು ಕೂತು ಎರಡೇ ದಿನ ಆಗಿತ್ತಂತೆ. ಕೋಳಿ ಕಾವು ಅಂದರೆ 21 ದಿನ. ಕಾಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಆಗ ಬೇಜಾರಾಯಿತು. ಮುಂದೆ ಕಾದ ಕಾಯುವಿಕೆಗೆಲ್ಲ ಹೋಲಿಸಿದರೆ, ಎಷ್ಟು ದಿನ ಅಂತ ಗ್ಯಾರಂಟಿ ಇದ್ದದ್ದು ಇದೊಂದಕ್ಕೇ.

ಆ ದಿನಗಳನ್ನು ನಾನು ಸರಿಯಾಗಿ ಬಳಸಿಕೊಂಡಿದ್ದರೆ ಈ ಬರಹ ಅರ್ಧದಷ್ಟು ಇರುತ್ತಿತ್ತು. ನಾನು ಮಾಡಿದ್ದೇನು? ಫಿಯಟ್ ಫೋಟೋ ನೋಡುತ್ತಾ ಕೂತೆ. ಯಾವ ಬಣ್ಣ ಹೊಡೆಸಬೇಕು ಅಂತ ಯೋಚಿಸಿದೆ. ಕಾರಿನ ನಂಬರನ್ನು ಸರಕಾರದ ಪರಿವಾಹನ್ ಆ್ಯಪಿಗೆ ಹಾಕಿ ನೋಡುವುದಕ್ಕೆ ಎರಡು ನಿಮಿಷ ಸಾಕು. ಆರ್‌ಸಿ ಯಾವಾಗ ಮುಗಿದಿದೆ, ಸಾಲ ಬಾಕಿ ಅಂತ ತೋರಿಸುತ್ತಿದೆಯಾ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ನಾನು ಅದನ್ನು ಮಾಡಿದ್ದು ಪೂರ್ತಿ ದುಡ್ಡು ಕೊಟ್ಟಾದ ಮೇಲೆ. ನೀವು ಮೊದಲೇ ಮಾಡಿ. ಆಮೇಲೆ ಒಂದಿಷ್ಟು ದುಡ್ಡನ್ನು ಹೆಸರು ಬದಲಾಗುವವರೆಗೂ ಕೈಯಲ್ಲೇ ಇಟ್ಟುಕೊಳ್ಳಿ. ನಮ್ಮ ಯಜಮಾನರು ಒಳ್ಳೆಯವರು, ಕೊನೆವರೆಗೂ ಜೊತೆಗಿದ್ದರು. ಎಲ್ಲರೂ ಹಾಗೇ ಇರುತ್ತಾರೆ ಅಂತ ಹೇಳಕ್ಕಾಗಲ್ಲ.

ಅಂತೂ ಹನ್ನೊಂದು ಮರಿ ಆದವು. ಸಂಕ್ರಾಂತಿ ಕಳೆದು ಲಾರಿ ತಗೊಂಡು ಹೋದೆ. ಆರ್‌ಸಿ ಅವಧಿ ಮುಗಿದ ಕಾರನ್ನು ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಹಗ್ಗ ಕಟ್ಟಿ ಎಳೆದುಕೊಂಡು ಬರೋಣ ಅಂತ ಸಲಹೆ ಕೊಡುವವರು ನಿಮಗೂ ಸಿಗುತ್ತಾರೆ. ಆರು ವರ್ಷ ನಿಂತ ಕಾರಿಗೆ ಬ್ರೇಕೇ ಇರಲ್ಲ. ಸುಮ್ನೆ ಲಾರಿ ಮಾಡಿ. ನನಗೆ 7,000 ಆಯಿತು.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಒಬ್ಬರು ಮೇಸ್ತ್ರಿ ಇದ್ದಾರೆ ಅಂತ ಗೊತ್ತಾಯಿತು. ಅರವತ್ತು ದಾಟಿದವರು. ಹುಡುಗನಾಗಿದ್ದಾಗಿಂದ ಫಿಯಟ್ ಬಿಚ್ಚಿ ಜೋಡಿಸಿದ ಕೈ. ಅವರು ನನಗೆ ಮೇಷ್ಟ್ರೇ ಅನ್ನುತ್ತಿದ್ದರು, ನಾನು ಅವರಿಗೆ ಮೇಸ್ತ್ರಿಗಳೇ ಅನ್ನುತ್ತಿದ್ದೆ. ಫೋನಿನಲ್ಲಿ ಕೇಳಿದವರಿಗೆ ಯಾರು ಯಾರನ್ನು ಕರೆಯುತ್ತಿದ್ದಾರೆ ಅಂತ ಗೊತ್ತಾಗುತ್ತಿರಲಿಲ್ಲ. ಹೊಸಬರಿಗೆ ನನ್ನ ಮಾತು ಇಷ್ಟೇ. ಮೊದಲು ನಿಮ್ಮ ಊರಲ್ಲಿ ಮೇಸ್ತ್ರಿ ಹುಡುಕಿ. ಅವರ ಕೈಗೆ ಯಾವ ಕಾರು ಗೊತ್ತೋ ಆ ಕಾರು ತಗೊಳ್ಳಿ. ಅಂಬಾಸಿಡರ್ ಬಲ್ಲವರು ಸಿಕ್ಕರೆ ಅಂಬಾಸಿಡರ್, ಜೀಪು ಬಲ್ಲವರು ಸಿಕ್ಕರೆ ಜೀಪು. ಮಲೆನಾಡಿನಲ್ಲಂತೂ ಜೀಪಿನ ಮೇಸ್ತ್ರಿಗಳಿಗೆ ಬರಗಾಲವಿಲ್ಲ. ಬಣ್ಣ, ಮಾಡೆಲ್ ಎಲ್ಲ ಆಮೇಲೆ.

ಮೇಸ್ತ್ರಿ ಬಾನೆಟ್ ಎತ್ತಲೇ ಇಲ್ಲ. ಜೇಬಿನಿಂದ ಒಂದು ಅಯಸ್ಕಾಂತ ತೆಗೆದರು. ಹಳೇ ಸ್ಪೀಕರಿನದು. ಬಾಗಿಲಿನ ಮೇಲ್ಭಾಗಕ್ಕೆ ಹಿಡಿದರು, ಟಪ್ ಅಂತ ಕಚ್ಚಿಕೊಂಡಿತು. ಕೆಳಗೆ ಜಾರಿಸುತ್ತಾ ಬಂದರು. ಹಿಡಿಕೆಯಿಂದ ಒಂದು ಗೇಣು ಕೆಳಗೆ ಬಂದಾಗ ಬಿದ್ದೇಹೋಯಿತು. "ಇಲ್ಲಿಂದ ಕೆಳಗೆ ಕಬ್ಬಿಣ ಇಲ್ಲ ಮೇಷ್ಟ್ರೇ. ಬರೀ ಪುಟ್ಟಿ" ಅಂದರು. ಆಮೇಲೆ ಸ್ಕ್ರೂಡ್ರೈವರ್ ತಗೊಂಡು ಬಾಗಿಲ ಕೆಳಗಿನ ಪಟ್ಟಿಗೆ ಮೆಲ್ಲಗೆ ಒತ್ತಿದರು. ಹಲಸಿನ ಹಣ್ಣಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಡ್ರೈವರ್ ಸೀಟಿನ ಮುಂದಿನ ರಬ್ಬರ್ ಮ್ಯಾಟ್ ಎತ್ತಿದರೆ ನೆಲ ಕಾಣುತ್ತಿತ್ತು. ಕಾರಿನ ನೆಲ ಅಲ್ಲ, ಆಟೋ ಕಾಂಪ್ಲೆಕ್ಸಿನ ನೆಲ.

ಮಲೆನಾಡಿನ ಕಾರು ಅಂದರೆ ಇಷ್ಟೇ ಕತೆ. ಎಂಜಿನ್ ಹಾಳಾಗಿದ್ದರೆ ಚಿಂತೆ ಬೇಡ, ರಿಪೇರಿ ಆಗುತ್ತದೆ. ದುಡ್ಡು ತಿನ್ನುವುದು ತುಕ್ಕು. ಬಾಗಿಲಿನ ಅಡಿ, ಚಕ್ರದ ಮೇಲಿನ ಕಮಾನು, ಜಾಕ್ ಕೊಡುವ ಜಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಇಷ್ಟನ್ನು ನೋಡದೆ ದುಡ್ಡು ಕೊಡಬೇಡಿ. ನನ್ನ ಬಿಲ್ಲಿನಲ್ಲಿ ಎಂಜಿನ್ ಮತ್ತು ಕಾರ್ಬೊರೇಟರಿಗೆ 21,500. ಟಿಂಕರಿಂಗ್ ಅಂದರೆ ತಗಡಿನ ಕೆಲಸ, ಅದಕ್ಕೆ ಮತ್ತು ಪೇಂಟಿಗೆ 64,000. ಪುಟ್ಟಿ ಮೆತ್ತಿ 25,000ಕ್ಕೆ ಮುಗಿಸಿಕೊಡುತ್ತೇನೆ ಅಂದವರೂ ಇದ್ದರು. ಮೇಸ್ತ್ರಿ ಬಿಡಲಿಲ್ಲ. ಕೊಳೆತದ್ದನ್ನು ಕತ್ತರಿಸಿ ತೆಗೆದು ಹೊಸ ತಗಡು ವೆಲ್ಡ್ ಮಾಡಿಸಿದರು. ಬಾಗಿಲಿನ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಹಿಂದೆ ಯಾರೋ ಅದರ ಮೇಲೇ ಪೇಂಟ್ ಬಳಿದು ಮುಚ್ಚಿದ್ದರು. ನೀರು ಒಳಗೇ ನಿಂತು ನಿಂತು ಬಾಗಿಲು ಕೊಳೆತದ್ದು ಅದಕ್ಕೇ.

ಎಂಜಿನ್ ವಿಷಯಕ್ಕೆ ಬಂದರೆ ಒಂದು ಮಾತು. ನಿಂತ ಕಾರಿಗೆ ಹೊಸ ಬ್ಯಾಟರಿ ಹಾಕಿ ಕೀ ತಿರುಗಿಸಬೇಡಿ. ನನಗೆ ಅದೇ ಆತುರ ಇತ್ತು. ಮೇಸ್ತ್ರಿ ಪ್ಲಗ್ ಬಿಚ್ಚಿ ನಾಲ್ಕೂ ತೂತಿಗೆ ಸ್ವಲ್ಪ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟರು. "ಮೂರು ದಿನ ಬಿಟ್ಟು ಬನ್ನಿ" ಅಂದರು. ಹೋದಾಗ ಕೈಯಲ್ಲೇ ತಿರುಗಿಸಿ ನೋಡಿ, ಎಂಜಿನ್ ಹಿಡಿದುಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಟ್ಯಾಂಕಿನ ಹಳೇ ಪೆಟ್ರೋಲು ವಾರ್ನಿಶ್ ವಾಸನೆ ಹೊಡೆಯುತ್ತಿತ್ತು. ಅದನ್ನು ಚೆಲ್ಲಿ, ಟ್ಯಾಂಕ್ ಇಳಿಸಿ ತೊಳೆದರು. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟು, ಕಂಡೆನ್ಸರು ಹೊಸದು. ಪೆಟ್ರೋಲಿನ ರಬ್ಬರ್ ಪೈಪು ಪೂರ್ತಿ ಬದಲು. ಈಗ ಬಂಕಿನಲ್ಲಿ ಸಿಗುವುದು 20 ಪ್ರತಿಶತ ಎಥನಾಲ್ ಬೆರೆಸಿದ ಪೆಟ್ರೋಲು. ಹಳೇ ಕಾಲದ ರಬ್ಬರಿಗೆ ಅದು ಆಗಿಬರಲ್ಲ. ಊದಿಕೊಂಡು ಬಿರುಕು ಬಿಡುತ್ತದೆ. ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ಸೋರಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಇದೊಂದರಲ್ಲಿ ಜಿಪುಣತನ ಬೇಡ.

ಸ್ಪೇರು ಸಿಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಸಿಗುತ್ತದೆ, ಹುಡುಕಬೇಕು. ಮುಂಬೈಯಲ್ಲಿ 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತು. ಅಷ್ಟು ವರ್ಷ ಆ ಟ್ಯಾಕ್ಸಿಗಳಿಗೆ ಅಂತ ಮಾಡಿಟ್ಟ ಸಾಮಾನು ಇನ್ನೂ ಅಲ್ಲಲ್ಲಿ ಇದೆ. ವೀಲ್ ಸಿಲಿಂಡರಿನ ರಬ್ಬರ್ ಕಿಟ್ಟು, ಬ್ರೇಕ್ ಹೋಸು ನನಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕವು. ಸಿಗದೇ ಸತಾಯಿಸಿದ್ದು ಸಣ್ಣ ವಸ್ತು. ಕಿಟಕಿ ಗಾಜು ಏರಿಸುವ ಹಿಡಿಕೆ. ಒಂದು ಹಿಡಿಕೆಗೆ ಎರಡು ತಿಂಗಳು ಕಾದೆ. ಹಾಗಾಗಿ ಕಾರು ತರುವಾಗ ಅದರ ಜೊತೆಗಿರುವ ಯಾವ ಕಸವನ್ನೂ ಬಿಟ್ಟು ಬರಬೇಡಿ. ಯಜಮಾನರ ಅಟ್ಟದ ಮೇಲೆ ಒಂದು ಡಬ್ಬಿ ತುಂಬ ಹಳೇ ಸಾಮಾನಿತ್ತು. ನಾನು ಬೇಡ ಅಂದು ಬಂದಿದ್ದೆ. ಹಿಡಿಕೆ ಕೊನೆಗೆ ಅದರಲ್ಲೇ ಸಿಕ್ಕಿತು.

ಇನ್ನು ಕಾಗದದ ಕತೆ. ಕಷ್ಟ ಅಂದರೆ ಇದೇ.

ಕಾರು ಮೊದಲು ನೋಂದಣಿ ಆದದ್ದು 1987ರ ಮೇ ತಿಂಗಳು. ಮೊದಲ ಆರ್‌ಸಿಗೆ 15 ವರ್ಷ ಆಯಸ್ಸು. ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ಯಜಮಾನರು 2017ರಲ್ಲಿ ಮಾಡಿಸಿದ್ದೇ ಕೊನೆ. 2022ರ ಮೇಗೆ ಅದೂ ಮುಗಿದಿತ್ತು. ಇಷ್ಟು ನನಗೆ ಆರ್‌ಸಿ ಪುಸ್ತಕ ನೋಡಿದಾಗಲೇ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಆ್ಯಪಿನಲ್ಲಿ ಕಂಡ ಇನ್ನೊಂದು ಸಾಲು. ಕಾರಿನ ಮೇಲೆ ಬ್ಯಾಂಕಿನ ಸಾಲ ಇದೆ ಅಂತ.

ಯಜಮಾನರಿಗೆ ಫೋನ್ ಮಾಡಿದೆ. ಅವರು ನಕ್ಕರು. "ಅಯ್ಯೋ ಮೇಷ್ಟ್ರೇ, ಅದು ತೊಂಬತ್ತೊಂದರಲ್ಲೇ ತೀರ್ತಲ್ಲ. ಆ ವರ್ಷ ಅಡಿಕೆಗೆ ಒಳ್ಳೆ ರೇಟು ಬಂದಿತ್ತು, ಒಂದೇ ಸಲಕ್ಕೆ ಕಟ್ಟಿ ಬಂದಿದ್ದೆ." ಸಾಲ ತೀರಿಸಿದ್ದು ನಿಜ. ತೀರಿದೆ ಅಂತ ಪುಸ್ತಕದಲ್ಲಿ ಹೊಡೆಸುವುದನ್ನು ಮರೆತಿದ್ದರು. ರಸೀದಿ ಇಟ್ಟಿದ್ದ ಪೆಟ್ಟಿಗೆಗೆ ಗೆದ್ದಲು ಹಿಡಿದು ಎಷ್ಟೋ ವರ್ಷ ಆಗಿತ್ತು. ಸಾಲ ಕೊಟ್ಟ ಬ್ಯಾಂಕು ಈಗ ಬೇರೆ ಬ್ಯಾಂಕಿನೊಳಗೆ ಸೇರಿಹೋಗಿದೆ.

ಹೊಸ ಹೆಸರಿನ ಶಾಖೆಗೆ ಹೋದೆವು. ಮ್ಯಾನೇಜರ್ ಮೂವತ್ತರ ಹುಡುಗ. ಸಾಲ ಕೊಟ್ಟಾಗ ಆತ ಹುಟ್ಟಿರಲೂ ಇಲ್ಲ. ಕಂಪ್ಯೂಟರಿನಲ್ಲಿ ಹುಡುಕಿದ, ಇಲ್ಲ. "ಸಾಲ ಇದ್ದಿದ್ದೇ ನಮ್ಮಲ್ಲಿ ದಾಖಲೆ ಇಲ್ಲ ಸಾರ್. ಇಲ್ಲದ ಸಾಲ ತೀರಿದೆ ಅಂತ ಹೇಗೆ ಬರೆದುಕೊಡಲಿ?" ಅಂದ. ಅವನ ಮಾತಲ್ಲೂ ನ್ಯಾಯ ಇತ್ತು. ಆ ಕಡೆ ಆರ್‌ಟಿಒದಲ್ಲಿ ಬ್ಯಾಂಕಿನ ಸಹಿ ಇರುವ ಫಾರ್ಮ್ 35 ಇಲ್ಲದೆ ಸಾಲದ ನಮೂದು ತೆಗೆಯಲ್ಲ ಅನ್ನುತ್ತಿದ್ದರು. ಅದೂ ನ್ಯಾಯವೇ. ಎರಡು ನ್ಯಾಯದ ನಡುವೆ ನನ್ನ ಕಾರು ಸಿಕ್ಕಿಹಾಕಿಕೊಂಡಿತು.

ಫೆಬ್ರವರಿಯಿಂದ ಏಪ್ರಿಲ್ ಕೊನೆವರೆಗೆ ಆ ಶಾಖೆಗೆ ಒಂಬತ್ತು ಸಲ ಹೋಗಿದ್ದೇನೆ. ಕಡೆಗೆ ಕೆಲಸ ಆದದ್ದು ಹೀಗೆ. ಯಜಮಾನರ ಕೈಯಲ್ಲಿ ಒಂದು ಅರ್ಜಿ ಬರೆಸಿದೆ. ಆರ್‌ಸಿ ಪುಸ್ತಕದ ಎಲ್ಲ ಪುಟಗಳ ಜೆರಾಕ್ಸ್ ಇಟ್ಟೆ. ಮುಂದೆ ಏನಾದರೂ ಬಾಕಿ ಹೊರಬಿದ್ದರೆ ನಾವೇ ಜವಾಬ್ದಾರರು ಅಂತ ಸ್ಟಾಂಪ್ ಪೇಪರಿನಲ್ಲಿ ಮುಚ್ಚಳಿಕೆ ಬರೆದು ನೋಟರಿ ಮಾಡಿಸಿದೆವು. ಅದು ಮೇಲಿನ ಕಚೇರಿಗೆ ಹೋಗಿ ಬಂತು. ನಮ್ಮ ದಾಖಲೆಯಲ್ಲಿ ಈ ವಾಹನದ ಮೇಲೆ ಬಾಕಿ ಇಲ್ಲ ಅಂತ ಒಂದು ಪತ್ರ, ಜೊತೆಗೆ ಫಾರ್ಮ್ 35ರ ಮೇಲೆ ಸೀಲು, ಸಹಿ. ಖರ್ಚು ಎಲ್ಲ ಸೇರಿ ಸುಮಾರು ಒಂದು ಸಾವಿರ. ಆ ಹುಡುಗ ಕೊನೇ ದಿನ ಕಾರಿನ ಫೋಟೋ ಕೇಳಿ ನೋಡಿದ. ನಿಮಗೂ ಹೀಗಾದರೆ ಮೊದಲ ದಿನವೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲೇ ಕೇಳುತ್ತಾ ನಾನು ಒಂದು ತಿಂಗಳು ಕಳೆದೆ.

ನಂತರದ ಎಡವಟ್ಟು ಚಾಸಿಸ್ ನಂಬರು. ಆನ್‌ಲೈನ್ ಅರ್ಜಿ ಹಾಕುವ ಮೊದಲು ಮಾಲೀಕರ ಮೊಬೈಲ್ ನಂಬರ್ ದಾಖಲಾಗಿರಬೇಕು. ದಾಖಲಿಸಲು ಚಾಸಿಸ್ ನಂಬರಿನ ಕೊನೆಯ ಐದು ಅಂಕಿ ಕೇಳುತ್ತದೆ. ಪುಸ್ತಕ ನೋಡಿ ಹಾಕಿದೆ, ತಪ್ಪು ಅಂತ ಬಂತು. ಮತ್ತೆ ಹಾಕಿದೆ, ಮತ್ತೆ ತಪ್ಪು. ಹಿಂದೆ ಯಾವಾಗಲೋ ಪುಸ್ತಕದಿಂದ ಕಂಪ್ಯೂಟರಿಗೆ ಇಳಿಸುವಾಗ ಒಂದು ಸೊನ್ನೆ ಬಿಟ್ಟುಹೋಗಿತ್ತು. ಸರಿ ಮಾಡಿಸಲು ಪೆನ್ಸಿಲ್ ಪ್ರಿಂಟ್ ಬೇಕು. ಅಂದರೆ ಕಾರಿನ ಮೇಲೆ ಕೊರೆದಿರುವ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯೋದು. ಮಕ್ಕಳು ನಾಣ್ಯದ ಮೇಲೆ ಮಾಡುತ್ತಾರಲ್ಲ, ಹಾಗೆ. ಗ್ಯಾರೇಜಿಗೆ ಹೋಗಿ ನೋಡಿದರೆ ಪೇಂಟರ್ ಹುಡುಗ ಅದೇ ಜಾಗಕ್ಕೆ ಎಮೆರಿ ಪೇಪರ್ ಹಿಡಿಯುತ್ತಿದ್ದ. ನಾನು ಕೂಗಿಕೊಂಡ ರಭಸಕ್ಕೆ ಪಕ್ಕದ ಗ್ಯಾರೇಜಿನವರೂ ಓಡಿಬಂದರು. ದೇವರು ದೊಡ್ಡವನು, ನಂಬರ್ ಉಳಿದಿತ್ತು. ಅದು ಅಳಿಸಿದರೆ ನಿಮ್ಮ ಹತ್ತಿರ ಇರುವುದು ಕಾರಲ್ಲ, ಗುಜರಿ. ಟಿಂಕರಿಂಗ್ ಶುರುವಾಗುವ ಮುಂಚೆಯೇ ಹತ್ತು ಪೆನ್ಸಿಲ್ ಪ್ರಿಂಟ್ ತೆಗೆದಿಟ್ಟುಕೊಂಡು, ಆ ಜಾಗಕ್ಕೆ ಟೇಪ್ ಅಂಟಿಸಿ. ಕೆಲವು ಹಳೇ ಗಾಡಿಗಳ ವಿವರ ಆನ್‌ಲೈನಿನಲ್ಲಿ ಇರುವುದೇ ಇಲ್ಲ. ಅಂಥವಕ್ಕೆ ಮೊದಲು ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ನನಗೆ ಅಷ್ಟು ತಾಪತ್ರಯ ಬರಲಿಲ್ಲ.

ಜೂನ್‌ನಲ್ಲಿ ರಿನ್ಯೂವಲ್ಲಿಗೆ ಫಾರ್ಮ್ 25 ಹಾಕಿದೆವು, ಯಜಮಾನರ ಹೆಸರಲ್ಲೇ. ರಿನ್ಯೂವಲ್ ಆಗದೆ ಹೆಸರು ಬದಲಾಗಲ್ಲ. ಅದಕ್ಕೆ ಮುಂಚೆ ವಿಮೆ ಬೇಕು, ಹೊಗೆ ತಪಾಸಣೆ ಬೇಕು. ಈ ಸೈಜಿನ ಎಂಜಿನ್ನಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಆಗ 3,416, ಅದರ ಮೇಲೆ ಜಿಎಸ್‌ಟಿ ಮತ್ತು ಇತರೆ ಸೇರಿ ಸುಮಾರು 4,500. ಹೊಗೆ ತಪಾಸಣೆಯಲ್ಲಿ ಮೊದಲ ಸಲ ಫೇಲ್. ಇಷ್ಟು ಹಳೇ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ 3 ಪ್ರತಿಶತದ ಒಳಗಿರಬೇಕು, ನನ್ನದು 5.4 ತೋರಿಸಿತು. ಮೇಸ್ತ್ರಿ ಕಾರ್ಬೊರೇಟರಿನ ಒಂದು ಸಣ್ಣ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರು. 2.6ಕ್ಕೆ ಇಳಿಯಿತು. ಕಿವಿಯಲ್ಲೇ ಅಳೆದು ತಿರುಗಿಸಿದ್ದು, ಯಾವ ಮೀಟರೂ ಇಲ್ಲ.

ಶುಲ್ಕದ ವಿಷಯ. ನಾನು ಕಟ್ಟಿದಾಗ ರಿನ್ಯೂವಲ್ಲಿಗೆ 5,000. ಅವಧಿ ಮುಗಿದ ಮೇಲೆ ತಡವಾದ ಪ್ರತಿ ತಿಂಗಳಿಗೆ 500. 38 ತಿಂಗಳಿಗೆ 19,000! ಹಸಿರು ತೆರಿಗೆ 500. ಹೆಸರು ಬದಲಾವಣೆಯ ಸಣ್ಣಪುಟ್ಟ ಶುಲ್ಕ ಎಲ್ಲ ಸೇರಿಸಿದರೆ 25,000. 2025ರ ಆಗಸ್ಟಿನಲ್ಲಿ ಕೇಂದ್ರ ಸರಕಾರ 20 ವರ್ಷ ದಾಟಿದ ಕಾರುಗಳ ರಿನ್ಯೂವಲ್ ಶುಲ್ಕವನ್ನು 10,000 ಮಾಡಿತು. ಎರಡು ತಿಂಗಳಲ್ಲಿ ನಾನು ಬಚಾವ್. ನೀವು ಕಾರಿನ ಬೆಲೆ ಮಾತಾಡುವಾಗ ಈ ದಂಡವನ್ನು ಲೆಕ್ಕ ಹಾಕಿ ಚೌಕಾಸಿ ಮಾಡಿ. ನಾನು ಮಾಡಲಿಲ್ಲ.

"ಹದಿನೈದು ವರ್ಷ ಆದ ಮೇಲೆ ಗುಜರಿಗೆ ಹಾಕಬೇಕಲ್ವಾ?" ಅಂತ ಸ್ಟಾಫ್ ರೂಮಿನಲ್ಲಿ ಕೇಳದವರಿಲ್ಲ. ಆ ವಯಸ್ಸಿನ ಕಟ್ಟು ಇರುವುದು ದೆಹಲಿ ಸುತ್ತಮುತ್ತ. ನಮ್ಮಲ್ಲಿ ಖಾಸಗಿ ಕಾರು ಪರೀಕ್ಷೆಯಲ್ಲಿ ಪಾಸಾದರೆ ಆಯಿತು. ಇನ್ನು ಕೆಲವರು ವಿಂಟೇಜ್ ಅಂತ ನೋಂದಣಿ ಮಾಡಿಸಿ ಅನ್ನುತ್ತಾರೆ. ಅದಕ್ಕೆ ಕಾರಿಗೆ 50 ವರ್ಷ ದಾಟಿರಬೇಕು. 2021ರ ಆ ನಿಯಮದಲ್ಲಿ ನೋಂದಣಿಯಾದರೆ ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನ ರ್‍ಯಾಲಿ ಅಂತ ಮಾತ್ರ ಹೊರಗೆ ತರಬಹುದು. ತರಕಾರಿ ತರಲು ಫಿಯಟ್ ಬೇಕು ಅನ್ನುವ ನನ್ನಂಥವನಿಗೆ ಅದು ಬೇಡವೇ ಬೇಡ.

ಇನ್‌ಸ್ಪೆಕ್ಟರ್ ಮುಂದೆ ಕಾರು ತೋರಿಸುವ ದಿನ ಜೋರು ಮಳೆ. ಲಾರಿಯ ಮೇಲೆ ಹೇರಿಕೊಂಡು ಹೋದೆವು. ಲೈಟು, ಹಾರ್ನು, ಬ್ರೇಕು, ಹ್ಯಾಂಡ್‌ಬ್ರೇಕು ಎಲ್ಲ ಸರಿ. "ವೈಪರ್ ಹಾಕಿ" ಅಂದರು. ಹಾಕಿದೆ. ಅರ್ಧ ಗಾಜಿನವರೆಗೆ ಬಂದು ನಿಂತಿತು. ಗ್ಯಾರೇಜಿನಲ್ಲಿ ಒಣ ಗಾಜಿನ ಮೇಲೆ ಓಡಿದ ವೈಪರು ಮಲೆನಾಡಿನ ಮಳೆಗೆ ಹೆದರಿತು. ಇನ್‌ಸ್ಪೆಕ್ಟರ್ ನಗಲಿಲ್ಲ. "ಜೂನ್ ತಿಂಗಳಲ್ಲಿ ವೈಪರ್ ಇಲ್ದಿರೋ ಕಾರು ಪಾಸ್ ಮಾಡಿದ್ರೆ ನಿಮ್ಮ ಮನೆಯವರು ನನ್ನ ಬೈತಾರೆ ಮೇಷ್ಟ್ರೇ" ಅಂದರು. ವಾಪಸ್. ಮೋಟಾರು ರಿಪೇರಿ, ಮತ್ತೆ ಲಾರಿ. ಎರಡು ಓಡಾಟಕ್ಕೆ 5,000. ಎರಡನೇ ಸಲ ಪಾಸ್. ಆ ದಿನ ಒಂದು ಹನಿ ಮಳೆ ಬೀಳಲಿಲ್ಲ.

ಉಳಿದದ್ದು ಹೆಸರು ಬದಲಾವಣೆ. ಫಾರ್ಮ್ 29, ಫಾರ್ಮ್ 30. ಕಾಗದ ಎಲ್ಲ ರೆಡಿ. ಒಟಿಪಿ ಹೋಗುವುದು ಯಜಮಾನರ ಮೊಬೈಲಿಗೆ. ಅವರ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮನೆ ಹಿಂದಿನ ಗುಡ್ಡ ಹತ್ತಿದರೆ ಒಂದು ಬಂಡೆ. ಆ ಬಂಡೆಯ ಮೇಲೆ ನಿಂತರೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಜುಲೈ ತಿಂಗಳು, ಜಡಿಮಳೆ. ಮೊಮ್ಮಗ ಮೊಬೈಲನ್ನು ಹಾಲಿನ ಪ್ಯಾಕೆಟಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಹತ್ತಿದ. ನಾನು ಶಿವಮೊಗ್ಗದಲ್ಲಿ ಕಂಪ್ಯೂಟರ್ ಮುಂದೆ ಕೂತು ಒಟಿಪಿ ಕಳಿಸು ಅಂತ ಒತ್ತಿದೆ. ಮೊದಲನೆಯದು ಅವಧಿ ಮುಗಿದ ಮೇಲೆ ಬಂತು. ಎರಡನೆಯದನ್ನು ಅವನು ಫೋನಿನಲ್ಲಿ ಓದಿ ಹೇಳಿದ. ಗಾಳಿ ಸದ್ದಿಗೆ ನನಗೆ "ಆರು" "ಮೂರು" ಅಂತ ಕೇಳಿಸಿ ತಪ್ಪಾಯಿತು. "ಸಾರ್, ಕಾಲಿಗೆ ಉಂಬಳ ಹತ್ತಿದಾವೆ, ಬೇಗ" ಅಂದ. ಮೂರನೆಯದಕ್ಕೆ ಅಂಕಿ ಬಿಡಿಸಿ ಬಿಡಿಸಿ ಕೂಗಿದ. ಹಸಿರು ಟಿಕ್ ಬಿತ್ತು. ಅವನಿಗೆ ನಾನು ಒಂದು ಊಟ ಬಾಕಿ.

ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವುದು ಮರೆಯಬೇಡಿ. ಕಾರು ಕೈ ಬದಲಾದ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ನನ್ನದು ಇನ್ನೂ ಬಾಕಿ ಇದೆ.

ಉಳಿದ ಖರ್ಚು ಹೇಳಿಬಿಡುತ್ತೇನೆ. ಬ್ರೇಕು 11,000. ಟ್ಯೂಬ್ ಸಮೇತ ಐದು ಟೈರು 17,500. ವೈರಿಂಗು, ಬ್ಯಾಟರಿ 13,000. ಸೀಟು 9,000. ಮೈಲೇಜ್ ಕೇಳಬೇಡಿ.

ಕಾರ್ಡು ಬಂದ ಮೊದಲ ಭಾನುವಾರ ಆಗುಂಬೆಗೆ ಹೊರಟೆ. ಮೇಸ್ತ್ರಿಯೂ ಜೊತೆಗೆ ಬಂದರು, ನನ್ನ ಮೇಲೆ ನಂಬಿಕೆ ಇರಲಿಲ್ಲ. ತೀರ್ಥಹಳ್ಳಿವರೆಗೆ ಬೆಣ್ಣೆಯ ಹಾಗೆ ಓಡಿತು. ಘಾಟಿ ಇಳಿಯುವಾಗ ಮೇಸ್ತ್ರಿ ಬ್ರೇಕ್ ಮೇಲೆ ಕಾಲಿಡಲು ಬಿಡಲಿಲ್ಲ. "ಎರಡನೇ ಗೇರಲ್ಲೇ ಇಳಿಸಿ. ಡ್ರಮ್ ಬ್ರೇಕು ಕಾದರೆ ಪೆಡಲ್ ಒತ್ತಿದರೂ ನಿಲ್ಲಲ್ಲ." ಸೋಮೇಶ್ವರ ಮುಟ್ಟಿ, ಟೀ ಕುಡಿದು, ವಾಪಸ್ ಹತ್ತತೊಡಗಿದೆವು. ಮುಂದೆ ಒಂದು ಟೆಂಪೊ ತೆವಳುತ್ತಿತ್ತು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಹದಿನಾಲ್ಕು ತಿರುವಿನಲ್ಲಿ ಎಂಟನೆಯದೋ ಒಂಬತ್ತನೆಯದೋ, ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ನನ್ನ ಎದೆ ಧಸಕ್ಕಂತು. ಮೇಸ್ತ್ರಿ ಆರಾಮಾಗಿ ಇಳಿದರು. ಚಕ್ರಕ್ಕೆ ಕಲ್ಲು ಕೊಟ್ಟರು. ಹೆಗಲ ಮೇಲಿನ ಟವೆಲನ್ನು ರಸ್ತೆ ಬದಿ ಝರಿಯಲ್ಲಿ ಅದ್ದಿ ತಂದು, ಬಾನೆಟ್ ಎತ್ತಿ, ಪೆಟ್ರೋಲ್ ಪಂಪಿನ ಮೇಲೆ ಹೊದಿಸಿದರು. ಚುಂಯ್ ಅಂತು. ಎಂಜಿನ್ ಬಿಸಿಗೆ ಪೆಟ್ರೋಲು ಪಂಪಿನೊಳಗೇ ಆವಿಯಾದರೆ ಪಂಪು ಬರೀ ಗಾಳಿ ಹೀರುತ್ತದಂತೆ. ತಣ್ಣಗಾದರೆ ಸರಿಹೋಗುತ್ತದೆ. ಹದಿನೈದು ನಿಮಿಷ ತಡೆಗೋಡೆ ಮೇಲೆ ಕೂತೆವು. ಮಂಗಗಳು ಕಾರಿನ ಮೇಲೆ ಹತ್ತಿ ಹೊಸ ಪೇಂಟ್ ಪರೀಕ್ಷೆ ಮಾಡಿದವು. ಆಮೇಲೆ ಒಂದೇ ಸಲ ಕೀ ತಿರುಗಿಸಿದ್ದಕ್ಕೆ ಸ್ಟಾರ್ಟ್ ಆಯಿತು. ಈಗ ನನ್ನ ಡಿಕ್ಕಿಯಲ್ಲಿ ಯಾವಾಗಲೂ ಎರಡು ಬಾಟಲಿ ನೀರು, ಒಂದು ಹಳೇ ಟವೆಲ್, ಒಂದು ಪಾಯಿಂಟ್ ಸೆಟ್, ಒಂದು ಫ್ಯಾನ್ ಬೆಲ್ಟ್ ಇರುತ್ತವೆ.

ದೀಪಾವಳಿಗೆ ಯಜಮಾನರ ಮನೆಗೆ ಹೋದೆವು. ಗೋಪೂಜೆ ಮುಗಿದಿತ್ತು. ದನಗಳ ಕೊರಳಲ್ಲಿ ಅಡಿಕೆ, ಪಚ್ಚೆತೆನೆ ಸರ. ಉಳಿದಿದ್ದ ಚೆಂಡುಹೂವಿನ ಹಾರವನ್ನು ಮೊಮ್ಮಗ ಬಾನೆಟ್ಟಿಗೆ ಕಟ್ಟಿದ. ಯಜಮಾನರು ಡ್ರೈವರ್ ಸೀಟಿನಲ್ಲಿ ಕೂತರು. ಕೀ ಮುಟ್ಟಲಿಲ್ಲ. ಎಡಗೈ ತಾನಾಗಿ ಗೇರಿನ ಕಡ್ಡಿಗೆ ಹೋಯಿತು. ಕ್ಲಚ್ ಒತ್ತಿ ಒಂದು, ಎರಡು, ಮೂರು, ನಾಲ್ಕು ಅಂತ ಸುಮ್ಮನೆ ಹಾಕಿ ನೋಡಿದರು. ಏನೂ ಮಾತಾಡದೆ ಇಳಿದರು.

ಅಮ್ಮ ಮಾತ್ರ ಹಿಂದಿನ ಬಾಗಿಲು ತೆಗೆದು ಸೀಟನ್ನು ಒತ್ತಿ ಒತ್ತಿ ನೋಡಿದರು.

"ಎಂತ, ಸೀಟೆಲ್ಲ ಹೊಸದು ಹಾಕಿಸಿದ್ರಾ?"

"ಹೌದಮ್ಮ. ಒಂಬತ್ತು ಸಾವಿರ ಆಯ್ತು."

"ಹಳೇದೇ ಚೆನ್ನಾಗಿತ್ತು. ಇದರಲ್ಲಿ ಕೋಳಿ ಕೂರಲ್ಲ" ಅಂದರು.